94 ಕೆಜಿ ತೂಕ, ಭುಜದ ಆಪರೇಷನ್, ಸ್ಟ್ರೋಕ್ ಭಯ: ಒಂದು ಪ್ರಕರಣ

ಮಹಿಳೆಗೆ 66 ವರ್ಷ. ಎತ್ತರ 158 ಸೆಂ.ಮೀ., ತೂಕ 94 ಕೆಜಿ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಲೆಕ್ಕ ಹಾಕಿದರೆ 37.7. ಬಿಪಿ ಇದೆ, ಶುಗರ್ ಇದೆ, ಎರಡಕ್ಕೂ ಮಾತ್ರೆ ನಡೆಯುತ್ತಿದೆ. ಏಳು ವಾರದ ಹಿಂದೆ ಮನೆಯೊಳಗೇ ಬಿದ್ದು ಎಡ ಭುಜದ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ನಾರು) ಹರಿದುಕೊಂಡಿದ್ದಾರೆ. ಕೈ ಮೇಲಕ್ಕೆ ಏಳುವುದಿಲ್ಲ. ತೂತು ಮಾಡಿ, ಕ್ಯಾಮೆರಾ ಹಾಕಿ ಹೊಲಿಯುವ ಆಪರೇಷನ್ ಬೇಕು.

ಮೊದಲು ತೋರಿಸಿದ ಕಡೆ ಒಂದೇ ಮಾತಲ್ಲಿ ಕಳಿಸಿದ್ದರು: 15 ಕೆಜಿ ಇಳಿಸಿ ಬನ್ನಿ, ಈ ತೂಕದಲ್ಲಿ ಮಾಡಿದರೆ ಟೇಬಲ್ ಮೇಲೇ ಸ್ಟ್ರೋಕ್ ಆದೀತು. ಅಲ್ಲಿಂದ ಶುರುವಾಯಿತು. ಆರು ವಾರ ಅವರು ಅರ್ಧ ಹೊಟ್ಟೆಯಲ್ಲಿದ್ದರು. ಕೆಲವು ದಿನ ನೀರನ್ನೂ ಸರಿಯಾಗಿ ಕುಡಿಯಲಿಲ್ಲ. 100 ಇದ್ದದ್ದು 94ಕ್ಕೆ ಬಂತು. ಇನ್ನೂ ಒಂಬತ್ತು ಬಾಕಿ. ಇನ್ನೊಂದು ಆಸ್ಪತ್ರೆಯ ಅರಿವಳಿಕೆ ವೈದ್ಯೆಯ ಮುಂದೆ ಬಂದು ಕೂತಾಗ ಮಗ ಮೊದಲು ಕೇಳಿದ್ದೇ ಅದು: "ಮೇಡಂ, ಇಷ್ಟು ತೂಕಕ್ಕೆ ಸ್ಟ್ರೋಕ್ ರಿಸ್ಕ್ ಎಷ್ಟು ಪರ್ಸೆಂಟ್?"

ಇದು ಒಬ್ಬರದೇ ಕಥೆ ಅಲ್ಲ ಅಂತ ಇಲ್ಲೇ ಹೇಳಿಬಿಡುತ್ತೇನೆ. ಇಂಥ ಸಂದರ್ಭಗಳಲ್ಲಿ ಎದುರಾಗುವ ವಿವರಗಳನ್ನು ಒಂದು ಪ್ರಕರಣವಾಗಿ ಜೋಡಿಸಿದ್ದೇನೆ. ಅಧ್ಯಯನಗಳು, ಅವುಗಳ ವರ್ಷ, ಅಂಕಿ ಮಾತ್ರ ನಿಜವಾದವು.

ಮಗನ ಪ್ರಶ್ನೆಗೆ ಉತ್ತರ

ಆಪರೇಷನ್ ನಡೆಯುವಾಗ ಅಥವಾ ಆದ 30 ದಿನದೊಳಗೆ ಆಗುವ ಸ್ಟ್ರೋಕನ್ನು ಸಾಮಾನ್ಯವಾಗಿ ಆಪರೇಷನ್ ಸುತ್ತಿನ ಸ್ಟ್ರೋಕ್ ಅಂತ ಲೆಕ್ಕ ಹಿಡಿಯುತ್ತಾರೆ. 2011ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಬಂತು. ಹೃದಯ, ಮೆದುಳಿನ ಆಪರೇಷನ್ ಬಿಟ್ಟು ಉಳಿದವು, ಒಟ್ಟು 5 ಲಕ್ಷ 23 ಸಾವಿರ ರೋಗಿಗಳ ದಾಖಲೆ. ಸ್ಟ್ರೋಕ್ ಆಗಿದ್ದು ಸುಮಾರು 0.1 ಶೇಕಡಾ, ಅಂದರೆ ಸಾವಿರಕ್ಕೆ ಒಬ್ಬರಿಗೆ. ಆದರೆ ಆದವರಲ್ಲಿ ಸಾಯುವ ಸಾಧ್ಯತೆ ಎಂಟು ಪಟ್ಟು ಹೆಚ್ಚಿತ್ತು. ಅಪರೂಪ ಹೌದು, ಸಣ್ಣದಂತೂ ಅಲ್ಲ.

ಯಾರಿಗೆ ಜಾಸ್ತಿ ಆಯಿತು? 62 ದಾಟಿದವರು, ಹಿಂದೆ ಸ್ಟ್ರೋಕ್ ಆದವರು, ಆರು ತಿಂಗಳೊಳಗೆ ಹೃದಯಾಘಾತ ಆದವರು, ಕಿಡ್ನಿ ಕೈಕೊಟ್ಟವರು, ಡಯಾಲಿಸಿಸ್‌ನಲ್ಲಿ ಇರುವವರು, ಬಿಪಿ ಇರುವವರು, ಶ್ವಾಸಕೋಶದ ಹಳೇ ಕಾಯಿಲೆಯವರು, ಸಿಗರೇಟು ಸೇದುವವರು. ಈ ಪಟ್ಟಿಯಲ್ಲಿ ದಪ್ಪ ಇರುವವರು ಎಲ್ಲಿದ್ದಾರೆ ಅಂತ ಹುಡುಕಿದರೆ ಆಶ್ಚರ್ಯ ಆಗುತ್ತದೆ. ಬಿಎಂಐ 35ರಿಂದ 40ರ ಒಳಗಿನವರಲ್ಲಿ ಸ್ಟ್ರೋಕ್ ಕಡಿಮೆಯೇ ಇತ್ತು! ನಮ್ಮ ಈ ಮಹಿಳೆ ಸರಿಯಾಗಿ ಅದೇ ಗುಂಪಿಗೆ ಸೇರುತ್ತಾರೆ.

ಹಾಗಂತ ಕೊಬ್ಬು ಮೆದುಳನ್ನು ಕಾಯುತ್ತದೆ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಕಾರಣ ಬೇರೆ ಇರಬಹುದು. ತುಂಬಾ ದಪ್ಪ ಇದ್ದು ಆರೋಗ್ಯವೂ ಕೆಟ್ಟವರನ್ನು ಆಪರೇಷನ್ ಬಾಗಿಲಲ್ಲೇ ವಾಪಸ್ ಕಳಿಸಿರುತ್ತಾರೆ, ಹಾಗಾಗಿ ಒಳಗೆ ಬಂದವರು ಸ್ವಲ್ಪ ಗಟ್ಟಿ ಇರುವವರೇ. ತೆಳ್ಳಗಿನವರ ಗುಂಪಿನಲ್ಲಿ ಕಾಯಿಲೆಯಿಂದಲೇ ಸೊರಗಿದವರೂ ಇರುತ್ತಾರೆ, ಅವರಿಂದಾಗಿ ಆ ಗುಂಪಿನ ಲೆಕ್ಕ ಕೆಡುತ್ತದೆ. ವೈದ್ಯಕೀಯದಲ್ಲಿ ಇದಕ್ಕೆ ಬೊಜ್ಜಿನ ವಿರೋಧಾಭಾಸ ಅನ್ನುತ್ತಾರೆ. 2009ರಲ್ಲಿ ಸಾಮಾನ್ಯ ಸರ್ಜರಿಯ 1 ಲಕ್ಷ 18 ಸಾವಿರ ರೋಗಿಗಳನ್ನು ನೋಡಿದಾಗಲೂ ಸಾವಿನ ಲೆಕ್ಕದಲ್ಲಿ ಇದೇ ರೀತಿ ಕಂಡಿತ್ತು.

ಜೀವನವಿಡೀ ನೋಡಿದರೆ ಕಥೆ ಬೇರೆ. ಬೊಜ್ಜು ಬಿಪಿ ಏರಿಸುತ್ತದೆ, ಶುಗರ್ ತರುತ್ತದೆ, ನಿದ್ದೆಯಲ್ಲಿ ಉಸಿರು ಕಟ್ಟಿಸುತ್ತದೆ, ಹೃದಯದ ಲಯ ಕೆಡಿಸುತ್ತದೆ. ಇವೆಲ್ಲ ಸೇರಿ ಸ್ಟ್ರೋಕ್ ತರುತ್ತವೆ. 22 ದೇಶಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಇಂಟರ್‌ಸ್ಟ್ರೋಕ್ ಅಧ್ಯಯನ ಪ್ರತ್ಯೇಕವಾಗಿ ಎತ್ತಿ ತೋರಿಸಿದ್ದು ಸೊಂಟ ಮತ್ತು ಪೃಷ್ಠದ ಸುತ್ತಳತೆಯ ಅನುಪಾತವನ್ನು. ಅಂದರೆ ಹೊಟ್ಟೆಯ ಕೊಬ್ಬನ್ನು. ತಕ್ಕಡಿಗೆ ಅದು ಗೊತ್ತಾಗುವುದಿಲ್ಲ.

ಹಾಗಾಗಿ ವೈದ್ಯೆ ಮಗನಿಗೆ ಪರ್ಸೆಂಟ್ ಹೇಳಲಿಲ್ಲ. "ತೂಕದ ಜೊತೆ ಬೇರೆ ಏನೇನು ಬಂದಿದೆ ಅಂತ ಮೊದಲು ನೋಡೋಣ. ಅಮ್ಮಾ, ಹೇಗೆ ಬಿದ್ರಿ ಹೇಳಿ" ಅಂದರು.

ಲೋಟ ಮೊದಲು ಬಿತ್ತು

ಎಲ್ಲರ ಪ್ರಕಾರ ಅವರು ಬಿದ್ದಿದ್ದು ತೂಕದಿಂದ. ಮಂಡಿ ನೋವು ಬೇರೆ ಇತ್ತು. ಫೈಲಿನಲ್ಲೂ 'ಕಾಲು ಜಾರಿ ಬಿದ್ದರು' ಅಂತ ಒಂದೇ ಸಾಲು.

ಅವರ ಬಾಯಲ್ಲಿ ಬಂದಿದ್ದು ಹೀಗೆ: "ನೀರು ಕುಡೀತಾ ನಿಂತಿದ್ದೆ ಡಾಕ್ಟ್ರೇ. ಎಡಗೈಲಿದ್ದ ಲೋಟ ಕೆಳಗೆ ಬಿತ್ತು. ಅಯ್ಯೋ ಅಂತ ಬಗ್ಗೋಣ ಅಂದ್ರೆ ಕಾಲು ಬರಲಿಲ್ಲ. ಆಮೇಲೆ ನಾನೂ ಬಿದ್ದೆ."

ವೈದ್ಯೆ ಪೆನ್ನು ಕೆಳಗಿಟ್ಟು ಇನ್ನೊಂದು ಸಲ ಕೇಳಿದರು. ಮೊದಲು ಲೋಟ ಬಿತ್ತಾ, ನೀವು ಬಿದ್ದ ಮೇಲೆ ಲೋಟ ಬಿತ್ತಾ? ಲೋಟವೇ ಮೊದಲು. ಬಿದ್ದ ಮೇಲೆ ಬೆರಳು ಆಡುತ್ತಿತ್ತಾ? ಅರ್ಧ ಗಂಟೆ ಮರಗಟ್ಟಿದ ಹಾಗಿತ್ತು, ಭುಜಕ್ಕೆ ಪೆಟ್ಟಾಗಿದೆಯಲ್ಲ ಅದಕ್ಕೇ ಅಂದುಕೊಂಡೆ. ಮಾತು? ಮಗಳು ಫೋನ್ ಮಾಡಿದಾಗ "ಏನಮ್ಮಾ, ನಿದ್ದೆಗಣ್ಣಲ್ಲಿ ಇದೀಯಾ" ಅಂದಿದ್ದಳಂತೆ.

ಭುಜಕ್ಕೆ ಪೆಟ್ಟಾದರೆ ಕೈಯಿಂದ ಲೋಟ ಜಾರಬಹುದು. ಆದರೆ ಪೆಟ್ಟಿಗೆ ಮುಂಚೆಯೇ ಜಾರಿದರೆ, ಅದೇ ಬದಿಯ ಕಾಲೂ ಸೋತರೆ, ಮಾತೂ ತೊದಲಿದರೆ, ಯೋಚನೆ ಮೆದುಳಿನ ಕಡೆ ಹೋಗಲೇಬೇಕು. ಮೆದುಳಿನ ಎಂಆರ್‌ಐ ಮಾಡಿಸಿದರು. ಬಲಭಾಗದಲ್ಲಿ ಸಣ್ಣದೊಂದು ಹಳೇ ಸ್ಟ್ರೋಕಿನ ಗುರುತು ಕಂಡಿತು.

ಅಂದರೆ ಯಾವುದನ್ನು ತಪ್ಪಿಸಲು ಆರು ವಾರ ಹೊಟ್ಟೆಗೆ ಕಡಿಮೆ ಮಾಡಿದರೋ ಅದು ಅಷ್ಟರಲ್ಲಿ ಒಮ್ಮೆ ಆಗಿಹೋಗಿತ್ತು. ಅವರನ್ನು ಬೀಳಿಸಿದ್ದೂ ಅದೇ. ದಪ್ಪ ಇರುವವರು ಬಿದ್ದರೆ 'ತೂಕ ಜಾಸ್ತಿ' ಅನ್ನುವ ವಿವರಣೆ ಬಾಯಲ್ಲೇ ಇರುತ್ತದೆ. ಅದು ಸಿಕ್ಕಿದ ಕೂಡಲೇ ಮುಂದಿನ ಪ್ರಶ್ನೆ ಕೇಳುವುದನ್ನೇ ಬಿಡುತ್ತೇವೆ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಕಾಡುವುದು ಇದು.

ಕಾರಣ ಹುಡುಕಿದರು. ಕುತ್ತಿಗೆಯ ರಕ್ತನಾಳದಲ್ಲಿ ಅಲ್ಪಸ್ವಲ್ಪ ಕೊಬ್ಬು ಕಟ್ಟಿತ್ತು, ಅಡ್ಡಿಯಾಗುವಷ್ಟು ಅಲ್ಲ. ಇಸಿಜಿ ಸರಿಯಾಗಿತ್ತು. ಆದರೆ ಮೈಮೇಲೆ ಕೆಲವು ದಿನ ಹೋಲ್ಟರ್ (ಎದೆಬಡಿತವನ್ನು ಸತತವಾಗಿ ದಾಖಲಿಸುವ ಸಣ್ಣ ಯಂತ್ರ) ಕಟ್ಟಿಕೊಂಡು ಓಡಾಡಿದಾಗ ರಾತ್ರಿ ಹೊತ್ತು ಹೃದಯದ ಲಯ ತಪ್ಪುತ್ತಿರುವುದು ಸಿಕ್ಕಿತು. ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆ ಸರಿಯಾಗಿ ಮಿಡಿಯದೆ ಸುಮ್ನೆ ನಡುಗುತ್ತದೆ, ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಚೂರಾಗಿ ಮೆದುಳಿಗೆ ಹೋಗುತ್ತದೆ.

ರಾತ್ರಿಯೇ ಯಾಕೆ? ಅದಕ್ಕೂ ಸುಳಿವು ಇತ್ತು. ಜೋರು ಗೊರಕೆ, ಹಗಲು ಸುಸ್ತು. ಮಧ್ಯೆ ಉಸಿರು ನಿಂತಂತಾಗುವುದನ್ನು ಮಗಳು ನೋಡಿದ್ದಳು. ಕುತ್ತಿಗೆ ಸುತ್ತಳತೆ 41 ಸೆಂ.ಮೀ. ಅರಿವಳಿಕೆಯವರು ಬಳಸುವ ಸ್ಟಾಪ್-ಬ್ಯಾಂಗ್ ಅನ್ನುವ ಎಂಟು ಪ್ರಶ್ನೆಗಳಲ್ಲಿ ಏಳಕ್ಕೆ ಹೌದು. ತಪ್ಪಿದ್ದು ಒಂದೇ, ಅವರು ಗಂಡಸಲ್ಲ. ನಿದ್ದೆಯ ಪರೀಕ್ಷೆ ಮಾಡಿಸಿದಾಗ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಪದೇ ಪದೇ ಉಸಿರು ಕಟ್ಟುವ ತೊಂದರೆ, ಜೋರಾಗಿಯೇ ಇದೆ ಅಂತ ಬಂತು.

ಎಷ್ಟು ಕಾಯಬೇಕು?

ಆಪರೇಷನ್ ಮುಂದಕ್ಕೆ ಹೋಯಿತು. ಎಷ್ಟು ಮುಂದಕ್ಕೆ ಅನ್ನುವುದರ ಮೇಲೆ ಮಾತುಕತೆ ನಡೆಯಿತು. ಸ್ಟ್ರೋಕ್ ಆದ ಹೊಸತರಲ್ಲಿ ಮೆದುಳಿನ ರಕ್ತನಾಳಗಳಿಗೆ ಬಿಪಿಯ ಏರಿಳಿತ ತಡೆದುಕೊಳ್ಳುವ ಶಕ್ತಿ ಕಡಿಮೆ. 2014ರಲ್ಲಿ ಡೆನ್ಮಾರ್ಕ್‌ನ ಸುಮಾರು 4.8 ಲಕ್ಷ ಆಪರೇಷನ್‌ಗಳ ದಾಖಲೆ ನೋಡಿದವರು, ಸ್ಟ್ರೋಕ್ ಆಗಿ ಮೂರು ತಿಂಗಳೊಳಗೆ ಮಾಡಿದರೆ ಅಪಾಯ ತುಂಬಾ ಹೆಚ್ಚು, 9 ತಿಂಗಳ ಹೊತ್ತಿಗೆ ಅದು ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ ಅಂದರು. 2022ರ ಅಮೆರಿಕದ ಅಧ್ಯಯನದಲ್ಲಿ 90 ದಿನಕ್ಕೇ ಹಾಗೆ ನಿಂತಿತು. 2024ರ ಅಮೆರಿಕದ ಹೃದ್ರೋಗ ಸಂಘಟನೆಗಳ ಮಾರ್ಗಸೂಚಿ ತುರ್ತಿಲ್ಲದ ಆಪರೇಷನ್‌ಗೆ ಕನಿಷ್ಠ ಮೂರು ತಿಂಗಳು ಕಾಯಿರಿ ಅನ್ನುತ್ತದೆ.

ಇನ್ನೊಂದು ಕಡೆ ಸರ್ಜನ್ ಗೊಣಗುತ್ತಿದ್ದರು. ಹರಿದ ಟೆಂಡನ್ ತಿಂಗಳುಗಟ್ಟಲೆ ಬಿಟ್ಟರೆ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಸ್ನಾಯು ಸೊರಗಿ ಅದರಲ್ಲಿ ಕೊಬ್ಬು ತುಂಬುತ್ತದೆ, ಆಮೇಲೆ ಹೊಲಿದರೂ ನಿಲ್ಲುವುದಿಲ್ಲ. ಅವರ ಮಾತೂ ನಿಜವೇ. ಒಂಬತ್ತು ತಿಂಗಳು ಕಾದರೆ ಭುಜ ಹೋಗುತ್ತದೆ, ಈಗಲೇ ಮಾಡಿದರೆ ಮೆದುಳಿಗೆ ಅಪಾಯ. ಬಿದ್ದ ದಿನದಿಂದ 14ನೇ ವಾರಕ್ಕೆ ದಿನ ಗೊತ್ತು ಮಾಡಿದರು.

ಸಿಕ್ಕ ಏಳು ವಾರಗಳಲ್ಲಿ ಮೊದಲು ಆದ ಕೆಲಸ ಉಪವಾಸ ನಿಲ್ಲಿಸಿದ್ದು. ಆಪರೇಷನ್ ಮುಂಚೆ ಗಡಿಬಿಡಿಯಲ್ಲಿ ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಗಾಯ ಮಾಯುವುದು ನಿಧಾನ ಆಗುತ್ತದೆ, ನೀರು ಕಡಿಮೆಯಾದರೆ ರಕ್ತ ಮಂದವಾಗುತ್ತದೆ. ಹೊಟ್ಟೆ ತುಂಬಾ ಊಟ, ಜಾಸ್ತಿ ಪ್ರೋಟೀನ್, ಸಾಕಷ್ಟು ನೀರು ಅಂದಾಗ ಅವರು ನಂಬಲೇ ಇಲ್ಲವಂತೆ. ರಾತ್ರಿ ಸಿಪ್ಯಾಪ್ ಮುಖವಾಡ (ಗಾಳಿಯ ಒತ್ತಡದಿಂದ ಉಸಿರಿನ ದಾರಿ ತೆರೆದಿಡುವ ಯಂತ್ರದ್ದು) ಹಾಕಿ ಮಲಗುವುದು ಶುರುವಾಯಿತು. ಹೆಪ್ಪುಗಟ್ಟದಂತೆ ಎಪಿಕ್ಸಬಾನ್ ಮಾತ್ರೆ ಶುರುವಾಯಿತು. ಎದೆಬಡಿತ ಹತೋಟಿಗೆ ಬೀಟಾ ಬ್ಲಾಕರ್ ಸಣ್ಣ ಡೋಸಿನಲ್ಲಿ, ಆಪರೇಷನ್‌ಗೆ ವಾರಗಳ ಮುಂಚೆಯೇ. ಈ 'ಮುಂಚೆಯೇ' ಮುಖ್ಯ. 2008ರ ಪಾಯ್ಸ್ ಪ್ರಯೋಗದಲ್ಲಿ 8351 ಜನರಲ್ಲಿ ಅರ್ಧದಷ್ಟು ಮಂದಿಗೆ ಆಪರೇಷನ್ ದಿನವೇ ಹೊಸದಾಗಿ ಮೆಟೊಪ್ರೊಲಾಲ್ ಅನ್ನುವ ಬೀಟಾ ಬ್ಲಾಕರ್ ಕೊಟ್ಟಿದ್ದರು. ಹೃದಯಾಘಾತ ಕಡಿಮೆಯಾಯಿತು. ಆದರೆ ಸ್ಟ್ರೋಕ್ 0.5ರಿಂದ 1 ಶೇಕಡಾಕ್ಕೆ ಏರಿತು, ಸಾವೂ ಹೆಚ್ಚಿತು.

ಬಿಪಿ ಪಟ್ಟಿಯ ಅಳತೆ

ಇದು ಸಣ್ಣ ವಿಷಯ ಅನ್ನಿಸಬಹುದು. ನನ್ನ ಲೆಕ್ಕದಲ್ಲಿ ಎಂಆರ್‌ಐ ಬಿಟ್ಟರೆ ಈ ಪ್ರಕರಣದಲ್ಲಿ ಅತಿ ಮುಖ್ಯವಾದದ್ದು ಇದೇ.

ಮೊದಲ ದಿನ ನರ್ಸ್ ಎಲ್ಲರಿಗೂ ಹಾಕುವ ಪಟ್ಟಿಯನ್ನೇ ತೋಳಿಗೆ ಸುತ್ತಿದರು. ಅದು ಪೂರ್ತಿ ಸುತ್ತು ಬರಲಿಲ್ಲ. ತುದಿ ಅಂಟಿಕೊಳ್ಳದೆ ಕೈಯಲ್ಲಿ ಒತ್ತಿ ಹಿಡಿಯಬೇಕಾಯಿತು. ಗಾಳಿ ತುಂಬಿದ ಮೇಲೆ ಚರ್‌ ಅಂತ ಅರ್ಧ ಬಿಚ್ಚಿಕೊಂಡಿತು. ಎರಡನೇ ಸಲ 146/90 ಅಂತ ತೋರಿಸಿತು. ವೈದ್ಯೆ ಟೇಪು ತಂದು ತೋಳು ಅಳೆದರು. 42 ಸೆಂ.ಮೀ. ದೊಡ್ಡ ಪಟ್ಟಿ ಹುಡುಕಿ ತರಿಸಿ, ಐದು ನಿಮಿಷ ಕೂರಿಸಿ ಮತ್ತೆ ನೋಡಿದರು: 126/76.

ತೋಳಿಗೆ ಪಟ್ಟಿ ಚಿಕ್ಕದಾದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಕನಿಷ್ಠ 80 ಶೇಕಡಾ ಉದ್ದ ಇರಬೇಕು ಅನ್ನುವುದು ನಿಯಮ. 2023ರಲ್ಲಿ 195 ಜನರ ಮೇಲೆ ಒಂದು ಪ್ರಯೋಗ ಮಾಡಿದರು. ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಮಾಮೂಲಿ ಪಟ್ಟಿ ಹಾಕಿದಾಗ ಮೇಲಿನ ಅಂಕಿ ಸರಾಸರಿ 19.5 ಜಾಸ್ತಿ ಬಂತು. ಮಾತ್ರೆ ಬದಲಿಸುವಷ್ಟು ದೊಡ್ಡ ವ್ಯತ್ಯಾಸ ಇದು. ಇವರಿಗೆ ಆಗಿದ್ದೂ ಅದೇ. ಬಿದ್ದ ನಂತರ ಎಲ್ಲೋ ಒಂದು ಕಡೆ 150 ಚಿಲ್ಲರೆ ಬಂತು ಅಂತ ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್ ಡೋಸ್ ಎರಡು ಪಟ್ಟು ಮಾಡಿದ್ದರು. ಅಲ್ಲಿಂದ ಏಳುವಾಗೆಲ್ಲ ತಲೆ ಸುತ್ತು.

ಆಪರೇಷನ್ ಕೋಣೆಯಲ್ಲಿ ಈ ಸುಳ್ಳು ಇನ್ನೂ ಅಪಾಯಕಾರಿ. ಅರಿವಳಿಕೆಯಲ್ಲಿ ಬಿಪಿ ನಿಜವಾಗಿ ಕುಸಿದಿದ್ದರೂ ಚಿಕ್ಕ ಪಟ್ಟಿ 'ಎಲ್ಲಾ ಸರಿ' ಅನ್ನುತ್ತದೆ.

ಭುಜದ ಆಪರೇಷನ್‌ನಲ್ಲಿ ಮತ್ತೊಂದು ಲೆಕ್ಕ ಇದೆ. ರೋಗಿಯನ್ನು ಒರಗು ಕುರ್ಚಿಯಲ್ಲಿ ಕೂರಿಸಿದ ಹಾಗೆ ಅರ್ಧ ಕೂರಿಸುತ್ತಾರೆ. ತಲೆ ಮೇಲೆ, ಹೃದಯ ಕೆಳಗೆ. ಪಟ್ಟಿ ಕಟ್ಟುವುದು ತೋಳಿಗೆ, ರಕ್ತ ಬೇಕಾಗಿರುವುದು ಮೆದುಳಿಗೆ. ಮೇಲಕ್ಕೆ ಹೋದ ಪ್ರತಿ ಸೆಂಟಿಮೀಟರ್‌ಗೆ ಒತ್ತಡ ಸುಮಾರು 0.77 ಮಿ.ಮೀ. ಕಡಿಮೆಯಾಗುತ್ತದೆ. ಕಿವಿ ಹೃದಯಕ್ಕಿಂತ 25 ಸೆಂ.ಮೀ. ಮೇಲಿದ್ದರೆ ಸುಮಾರು 19. ತೋಳಿನಲ್ಲಿ ಸರಾಸರಿ ಒತ್ತಡ 70 ಅಂದರೆ ಮೆದುಳಿಗೆ ತಲುಪುವುದು 51 ಅಷ್ಟೇ. ಈ ಭಂಗಿಯಲ್ಲಿ ಭುಜದ ಆಪರೇಷನ್ ಆಗಿ ಮೆದುಳಿಗೆ ಪೆಟ್ಟಾದ ನಾಲ್ಕು ಪ್ರಕರಣಗಳನ್ನು 2005ರಲ್ಲಿ ಇಬ್ಬರು ವೈದ್ಯರು ಬರೆದ ಮೇಲೆ ಅರಿವಳಿಕೆಯವರು ಇದನ್ನು ಗಂಭೀರವಾಗಿ ನೋಡತೊಡಗಿದರು.

ಇವರ ನಿಜವಾದ ಬಿಪಿ 126/76, ಸರಾಸರಿ ಸುಮಾರು 93 (ಕೆಳಗಿನ ಅಂಕಿಗೆ ಎರಡರ ವ್ಯತ್ಯಾಸದ ಮೂರನೇ ಒಂದು ಭಾಗ ಸೇರಿಸಿದರೆ). ಕಿವಿಯ ಮಟ್ಟದಲ್ಲಿ 75ಕ್ಕಿಂತ ಕೆಳಗೆ ಬಿಡಬಾರದು ಅಂತ ಗುರಿ ಇಟ್ಟರು. ತೋಳಿನ ಲೆಕ್ಕದಲ್ಲಿ ಅದು 94. ಅಂದರೆ ಎಚ್ಚರ ಇದ್ದಾಗ ಇರುವಷ್ಟೇ ಬೇಕು! ಪಟ್ಟಿಯ ಗೋಜೇ ಬೇಡ ಅಂತ ಬಲ ಮಣಿಕಟ್ಟಿನ ರಕ್ತನಾಳಕ್ಕೆ ಸಣ್ಣ ಕೊಳವೆ ಹಾಕಿ, ಅಳೆಯುವ ಸಾಧನವನ್ನು ಕಿವಿಯ ಮಟ್ಟಕ್ಕೆ ಕಟ್ಟಿದರು.

ಆಪರೇಷನ್ ದಿನ

ಎಪಿಕ್ಸಬಾನ್ ಅನ್ನು ಎರಡು ದಿನ ಮುಂಚೆ ನಿಲ್ಲಿಸಿದ್ದರು. ಮಧ್ಯೆ ಹೆಪ್ಪು ತಡೆಯುವ ಹೆಪರಿನ್ ಇಂಜೆಕ್ಷನ್ ಕೊಡಲಿಲ್ಲ. ತೂಕ ಜಾಸ್ತಿ, ಹೆಪ್ಪುಗಟ್ಟಬಹುದು, ಕೊಡಬೇಕಲ್ವಾ ಅಂತ ತಂಡದಲ್ಲೇ ಒಬ್ಬರು ಕೇಳಿದರು. 2019ರ ಪಾಜ್ ಅಧ್ಯಯನದಲ್ಲಿ ಹೀಗೆ ಲೆಕ್ಕವಾಗಿ ನಿಲ್ಲಿಸಿ, ಹೆಪರಿನ್ ಇಲ್ಲದೆ ಆಪರೇಷನ್ ಮಾಡಿಸಿಕೊಂಡ ಎಪಿಕ್ಸಬಾನ್ ಗುಂಪಿನಲ್ಲಿ ಹೆಪ್ಪು ಹೋಗಿ ಸ್ಟ್ರೋಕ್‌ನಂಥದ್ದು ಆಗಿದ್ದು 0.16 ಶೇಕಡಾ ಮಾತ್ರ. ಟೆಲ್ಮಿಸಾರ್ಟಾನ್ ಡೋಸನ್ನು ಮೊದಲಿನ ಮಟ್ಟಕ್ಕೆ ಇಳಿಸಿಯಾಗಿತ್ತು, ಹಿಂದಿನ ದಿನದಿಂದ ಅದನ್ನೂ ನಿಲ್ಲಿಸಿದರು. ಬೀಟಾ ಬ್ಲಾಕರ್ ಮುಂದುವರಿಸಿದರು. ಕಾಲಿಗೆ ಗಾಳಿ ಒತ್ತುವ ಚೀಲ ಕಟ್ಟಿದರು.

ನೋವಿಗೆ ಯಾವ ಬ್ಲಾಕ್ (ನರವನ್ನು ಮರಗಟ್ಟಿಸುವ ಇಂಜೆಕ್ಷನ್) ಕೊಡುವುದು ಅನ್ನುವುದರಲ್ಲೂ ತೂಕ ಲೆಕ್ಕಕ್ಕೆ ಬಂತು, ಬರಬೇಕಾದ ರೀತಿಯಲ್ಲಿ. ಭುಜದ ಆಪರೇಷನ್‌ಗೆ ವಾಡಿಕೆಯಾಗಿ ಕುತ್ತಿಗೆಯ ಬುಡದಲ್ಲಿ ಬ್ಲಾಕ್ ಕೊಡುತ್ತಾರೆ. ಅದರಿಂದ ಆ ಬದಿಯ ವಪೆಯೂ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಕೆಲಸ ನಿಲ್ಲಿಸುವುದು ಸಾಮಾನ್ಯ. ತೆಳ್ಳಗಿನವರು ಹೇಗೋ ನಿಭಾಯಿಸುತ್ತಾರೆ. ಹೊಟ್ಟೆ ದೊಡ್ಡದಿದ್ದು ಸ್ಲೀಪ್ ಅಪ್ನಿಯಾವೂ ಇರುವವರಿಗೆ ಅದು ಉಸಿರಿನ ಕಷ್ಟ. ಇನ್ನೊಂದು ತೊಂದರೆಯೂ ಇತ್ತು. ಇಡೀ ಎಡಗೈ ಮರಗಟ್ಟಿದರೆ, ನಾಳೆ ಎಡಬದಿಗೆ ಸ್ಟ್ರೋಕ್ ಆದರೂ ಗೊತ್ತಾಗುವುದು ಹೇಗೆ? ಅದಕ್ಕೇ ಭುಜಕ್ಕೆ ಹೋಗುವ ಎರಡು ನರಗಳಿಗೆ ಮಾತ್ರ ಬ್ಲಾಕ್ ಕೊಟ್ಟು ಬೆರಳುಗಳನ್ನು ಬಿಟ್ಟರು. ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು: 'ಎಡ ಬೆರಳುಗಳು ಆಡಬೇಕು. ಆಡದಿದ್ದರೆ ಅದು ಬ್ಲಾಕ್ ಅಲ್ಲ, ಕೂಡಲೇ ಕರೆಯಿರಿ.'

ಅರಿವಳಿಕೆ ಕೊಟ್ಟು ಕೂರಿಸುತ್ತಿದ್ದ ಹಾಗೆ ಕಿವಿ ಮಟ್ಟದ ಒತ್ತಡ 62ಕ್ಕೆ ಬಿತ್ತು. ಸರ್ಜನ್ ಕಾದರು. ಬೆನ್ನು ಸ್ವಲ್ಪ ಇಳಿಸಿ, ರಕ್ತನಾಳ ಬಿಗಿ ಮಾಡುವ ಔಷಧಿ ಹರಿಸಿ, ಗುರಿ ಮುಟ್ಟಿದ ಮೇಲೆ ನಿಧಾನವಾಗಿ ಮತ್ತೆ ಎತ್ತಿದರು. ಉಸಿರಿನ ಕಾರ್ಬನ್ ಡೈಆಕ್ಸೈಡ್ ತೀರಾ ಇಳಿಯದಂತೆ ಯಂತ್ರ ಹೊಂದಿಸಿದರು. ಅದು ಇಳಿದರೆ ಮೆದುಳಿನ ರಕ್ತನಾಳ ಕುಗ್ಗುತ್ತದೆ.

ಅರ್ಧ ದಾರಿಯಲ್ಲಿ ಕೀಲಿನೊಳಗೆ ರಕ್ತ ಒಸರಿ ಕ್ಯಾಮೆರಾ ಮಸುಕಾಯಿತು.

"ಬಿಪಿ ಸ್ವಲ್ಪ ಇಳಿಸ್ತೀರಾ ಮೇಡಂ? ಒಳಗೆ ಏನೂ ಕಾಣ್ತಿಲ್ಲ."

"ಇಳಿಸೋಕೆ ಆಗಲ್ಲ ಸರ್. ನಿಮ್ಮ ನೀರಿನ ಪಂಪ್ ಪ್ರೆಷರ್ ಸ್ವಲ್ಪ ಏರಿಸಿ ನೋಡಿ."

ಭುಜದ ಆಪರೇಷನ್‌ಗಳಲ್ಲಿ ಈ ಮಾತು ಸಾಮಾನ್ಯ. ಎಷ್ಟೋ ಸಲ ಅರಿವಳಿಕೆಯವರು ಇಳಿಸಿಯೂ ಬಿಡುತ್ತಾರೆ, ಆರೋಗ್ಯವಂತ ಯುವಕನಿಗೆ ಅದರಿಂದ ಏನೂ ಆಗದೇ ಇರಬಹುದು. ಇಲ್ಲಿ ಇಳಿಸಲಿಲ್ಲ. ಪಂಪ್ ಏರಿಸಿ ಎರಡು ನಿಮಿಷ ಕಾದ ಮೇಲೆ ಕಂಡಿತು. ಟೆಂಡನ್ ಹೊಲಿದರು. ಆಪರೇಷನ್ ಸುಮಾರು 20 ನಿಮಿಷ ತಡವಾಯಿತು.

ಬೆಳಗಿನ ಜಾವ 4:40

ಆಪರೇಷನ್ ಸುತ್ತಿನ ಸ್ಟ್ರೋಕ್ ಹೆಚ್ಚಾಗಿ ಟೇಬಲ್ ಮೇಲೆ ಆಗುವುದಿಲ್ಲ, ಆಮೇಲಿನ ದಿನಗಳಲ್ಲಿ ಆಗುತ್ತದೆ. ವಾರ್ಡಿನಲ್ಲಿ ಅದನ್ನು ಗುರುತಿಸುವುದು ಕಷ್ಟ. ಅರಿವಳಿಕೆಯ ಮಂಪರು, ನೋವಿನ ಔಷಧಿ, ಕಟ್ಟು ಹಾಕಿದ ಕೈ. 'ಇನ್ನೂ ಮತ್ತು ಇಳಿದಿಲ್ಲ' ಅಂತ ಗಂಟೆಗಳೇ ಕಳೆದುಹೋಗುತ್ತವೆ. ಯಾರಿಗೂ ಗೊತ್ತಾಗದ ಸ್ಟ್ರೋಕ್‌ಗಳೂ ಇವೆ. 2019ರ ನ್ಯೂರೋವಿಷನ್ ಅಧ್ಯಯನದಲ್ಲಿ 65 ದಾಟಿದ 1114 ಜನರಿಗೆ ಹೃದಯದ್ದಲ್ಲದ ಆಪರೇಷನ್ ಆದ ಮೇಲೆ ಎಂಆರ್‌ಐ ಮಾಡಿದರು. 7 ಶೇಕಡಾ ಜನರಲ್ಲಿ ಹೊರಗೆ ಏನೂ ಕಾಣದ ಹೊಸ ಸ್ಟ್ರೋಕ್ ಇತ್ತು. ಒಂದು ವರ್ಷದ ನಂತರ ಅಂಥವರಲ್ಲಿ ನೆನಪು, ಯೋಚನೆ ಕುಗ್ಗಿದ್ದು ಉಳಿದವರಿಗಿಂತ ಜಾಸ್ತಿ.

ಆ ರಾತ್ರಿ ನರ್ಸ್ 2:15ಕ್ಕೆ ಬರೆದಿದ್ದು: ಎರಡೂ ಕೈ ಬೆರಳು ಆಡುತ್ತಿವೆ, ಮಾತು ಸ್ಪಷ್ಟ. 4:40ಕ್ಕೆ ಬಂದಾಗ ಮಾತು ತೊದಲುತ್ತಿತ್ತು. ಎಬ್ಬಿಸಿದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಿದ್ದರು. ನರ್ಸ್ 'ಮತ್ತು ಇಳಿದಿಲ್ಲ' ಅಂತ ಬರೆದು ಹೋಗಲಿಲ್ಲ. ನಗಿಸಿ ನೋಡಿದರು, ಬಾಯಿ ಸೊಟ್ಟ ಇಲ್ಲ. ಬೆರಳು ಎರಡೂ ಕಡೆ ಆಡಿತು, ನಿಧಾನಕ್ಕೆ. ಶುಗರ್ ನೋಡಿದರು, ಸರಿ ಇತ್ತು. ಆಕ್ಸಿಜನ್ ಹರಿಸುತ್ತಿದ್ದರೂ 91. ಸಿಪ್ಯಾಪ್ ಮುಖವಾಡ ಪಕ್ಕದ ಸ್ಟೂಲಿನ ಮೇಲಿತ್ತು.

"ಅಮ್ಮಂಗೆ ಉಸಿರು ಕಟ್ಟಿದ ಹಾಗಾಗ್ತಿತ್ತು ಸಿಸ್ಟರ್, ಅದಕ್ಕೆ ತೆಗೆದೆ" ಅಂದ ಮಗ.

ಸ್ಟ್ರೋಕ್ ತಂಡವನ್ನು ಕರೆದರು. ಕೊನೆಯದಾಗಿ ಸರಿ ಇದ್ದ ಹೊತ್ತು 2:15 ಅಂತ ಬರೆದಿಟ್ಟಿದ್ದರಿಂದ ವಾದಕ್ಕೆ ಜಾಗ ಇರಲಿಲ್ಲ. ಸಿಟಿ ಸ್ಕ್ಯಾನ್ ಮಾಡಿದರು. ರಕ್ತಸ್ರಾವ ಇಲ್ಲ, ದೊಡ್ಡ ರಕ್ತನಾಳಗಳೆಲ್ಲ ತೆರೆದೇ ಇವೆ. ಅಷ್ಟರಲ್ಲಿ ರಕ್ತದ ಅನಿಲ ಪರೀಕ್ಷೆ ಬಂತು. ಕಾರ್ಬನ್ ಡೈಆಕ್ಸೈಡ್ 68, ಇರಬೇಕಾದ್ದು 35ರಿಂದ 45. ಮಾರ್ಫಿನ್, ಸ್ಲೀಪ್ ಅಪ್ನಿಯಾ, ತೆಗೆದಿಟ್ಟ ಮುಖವಾಡ, ಮೂರೂ ಸೇರಿ ಉಸಿರಾಟ ಸೋತು ಮಂಪರು ಬಂದಿತ್ತು. ಮುಖವಾಡ ಹಾಕಿ ಮಾರ್ಫಿನ್ ನಿಲ್ಲಿಸಿದರು. ಎರಡು ಗಂಟೆಯಲ್ಲಿ ಮಾತು ಸರಿಯಾಯಿತು.

ಸುಮ್ನೆ ಗಾಬರಿ ಮಾಡಿದರು ಅಂತ ವಾರ್ಡಿನಲ್ಲಿ ಯಾರೋ ಅಂದರಂತೆ. ನಾನು ಒಪ್ಪುವುದಿಲ್ಲ. ನಿಜವಾಗಿ ಸ್ಟ್ರೋಕ್ ಆಗಿದ್ದರೆ ಏನು ಮಾಡಬಹುದಿತ್ತು ನೋಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಅವಧಿ ನಾಲ್ಕೂವರೆ ಗಂಟೆ. ಆದರೆ ದೊಡ್ಡ ಆಪರೇಷನ್ ಆಗಿ 14 ದಿನದೊಳಗೆ ರಕ್ತಸ್ರಾವದ ಭಯದಿಂದ ಸಾಮಾನ್ಯವಾಗಿ ಹಿಂಜರಿಯುತ್ತಾರೆ. ಇವರಿಗಂತೂ ಹಿಂದಿನ ದಿನವಷ್ಟೇ ಹೊಲಿಗೆ ಹಾಕಿದ್ದು. ಉಳಿಯುವುದು ತೊಡೆಯ ರಕ್ತನಾಳದಿಂದ ಕೊಳವೆ ಹಾಕಿ ಹೆಪ್ಪು ಎಳೆದು ತೆಗೆಯುವ ದಾರಿ. 2018ರಲ್ಲಿ ಬಂದ ಡಾನ್ ಮತ್ತು ಡಿಫ್ಯೂಸ್-3 ಪ್ರಯೋಗಗಳಿಂದ, ಸ್ಕ್ಯಾನ್ ನೋಡಿ ಆಯ್ದ ಕೆಲವರಿಗೆ ಅದನ್ನು 24 ಗಂಟೆವರೆಗೂ ಮಾಡಬಹುದು ಅಂತಾಗಿದೆ. ದೊಡ್ಡ ರಕ್ತನಾಳ ಕಟ್ಟಿದ್ದು ಗೊತ್ತಾಗುವುದು ಸ್ಕ್ಯಾನ್ ಮಾಡಿದರೆ ಮಾತ್ರ. (200 ಕೆಜಿ ಹತ್ತಿರ ಇರುವ ರೋಗಿಯಾದರೆ ಸ್ಕ್ಯಾನ್ ಟೇಬಲ್ ಎಷ್ಟು ತೂಕ ತಡೆಯುತ್ತದೆ ಅಂತ ಮುಂಚೆಯೇ ವಿಚಾರಿಸಿಡಬೇಕು. ಬೆಳಗಿನ ಜಾವ ಹುಡುಕುವ ವಿಷಯ ಅಲ್ಲ ಅದು.)

ಎರಡನೇ ದಿನ ಸಂಜೆ ಲಯ ಮತ್ತೆ ತಪ್ಪಿತು. ಎದೆಬಡಿತ 130ಕ್ಕೆ ಹೋಯಿತು. ಮಾನಿಟರ್ ಇದ್ದದ್ದರಿಂದ ಕಂಡಿತು, ಔಷಧಿಯಲ್ಲಿ ಹತೋಟಿಗೆ ಬಂತು. ಗಾಯ ನೋಡಿ ಸರ್ಜನ್ ಒಪ್ಪಿದ ಮೇಲೆ ಮೂರನೇ ದಿನ ಬೆಳಗ್ಗೆ ಎಪಿಕ್ಸಬಾನ್ ಮತ್ತೆ ಶುರುವಾಯಿತು. ಐದನೇ ದಿನ ಮನೆಗೆ.

ತೂಕದ ಮಾತು ಆಮೇಲೆ

ಡಿಸ್ಚಾರ್ಜ್ ಮುಂಚೆ ಅವರೇ ಕೇಳಿದರು: "ಹಾಗಾದ್ರೆ ತೂಕ ಇಳಿಸೋದು ಬೇಡ್ವಾ ಡಾಕ್ಟ್ರೇ?"

"ಬೇಕಮ್ಮಾ. ಆಪರೇಷನ್ ಡೇಟ್ ಮುಂದಿಟ್ಕೊಂಡು ಓಡೋದು ಬೇಡ ಅಷ್ಟೇ."

ಇವರಿಗೆ ಈಗ ತೂಕ ಇಳಿಸಲು ಗಟ್ಟಿ ಕಾರಣ ಇದೆ, ಅದು ಅವರ ಹೃದಯದ ಲಯ. 2015ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಲೆಗಸಿ ಅಧ್ಯಯನದಲ್ಲಿ, ಏಟ್ರಿಯಲ್ ಫಿಬ್ರಿಲೇಷನ್ ಇದ್ದ ದಪ್ಪ ಜನರಲ್ಲಿ 10 ಶೇಕಡಾ ಅಥವಾ ಹೆಚ್ಚು ತೂಕ ಇಳಿಸಿ ಉಳಿಸಿಕೊಂಡವರಿಗೆ ಲಯ ತಪ್ಪದೆ ಇರುವ ಸಾಧ್ಯತೆ ಉಳಿದವರಿಗಿಂತ ಆರು ಪಟ್ಟು ಹೆಚ್ಚಿತ್ತು. ಇಳಿದದ್ದು ಮತ್ತೆ ಮತ್ತೆ ಏರಿ ಇಳಿದವರಲ್ಲಿ ಆ ಲಾಭದಲ್ಲಿ ಒಂದಷ್ಟು ಕರಗಿಹೋಯಿತು. ಇವರಿಗೆ 10 ಶೇಕಡಾ ಅಂದರೆ ಒಂಬತ್ತು ಕೆಜಿ ಚಿಲ್ಲರೆ. ಮೊದಲು ಬಾಕಿ ಉಳಿದಿದ್ದ ಒಂಬತ್ತೂ ಇದೂ ಹೆಚ್ಚುಕಮ್ಮಿ ಒಂದೇ. ಆದರೆ ಈ ಸಲ ಅವಧಿ ಒಂದು ವರ್ಷ, ಹೊಲಿದ ಭುಜ ಮಾಯುವವರೆಗೆ ಪ್ರೋಟೀನ್ ಕಡಿಮೆ ಮಾಡುವಂತಿಲ್ಲ, ಪ್ರತಿ ಭೇಟಿಯಲ್ಲಿ ತೂಕದ ಜೊತೆ ಸೊಂಟದ ಸುತ್ತಳತೆಯನ್ನೂ ಬರೆಯುತ್ತಾರೆ.

ಮನೆಗೆ ಒಯ್ದ ಚೀಟಿಯಲ್ಲಿ ಇದ್ದದ್ದು: ಎಪಿಕ್ಸಬಾನ್ ದಿನಕ್ಕೆ ಎರಡು ಸಲ, ತಪ್ಪಿಸುವಂತಿಲ್ಲ. ಸಿಪ್ಯಾಪ್ ಪ್ರತಿ ರಾತ್ರಿ. ಬಿಪಿಯನ್ನು ದೊಡ್ಡ ಪಟ್ಟಿಯಲ್ಲೇ ನೋಡಿಸಬೇಕು, ತೋಳು 42 ಸೆಂ.ಮೀ. ಬಾಯಿ ಸೊಟ್ಟ, ಕೈ ಸೋಲು, ಮಾತು ತೊದಲು, ಇದರಲ್ಲಿ ಯಾವುದೇ ಒಂದು ಕಂಡರೂ ಗಡಿಯಾರ ನೋಡಿ ತಕ್ಷಣ ಬನ್ನಿ. ನರರೋಗ ವೈದ್ಯರ ಭೇಟಿ ಆರು ವಾರಕ್ಕೆ. ಮಂಡಿ ಬದಲಿಸುವ ಆಪರೇಷನ್ ಬಗ್ಗೆ ಮಗ ಆಗಲೇ ವಿಚಾರಿಸಿದ್ದ. ಅದರ ಎದುರಿಗೆ ವೈದ್ಯೆ ಬರೆದಿದ್ದು, 'ಕನಿಷ್ಠ ಒಂಬತ್ತು ತಿಂಗಳ ನಂತರ ಯೋಚಿಸೋಣ, ಆತುರ ಇಲ್ಲ.'